ಕೆಂಪು ಬಲ್ಬು ಉರಿಯದ ದಿನ

ಗಣಿತಕ್ಕೊಬ್ಬರು ಟೀಚರ್ ಬೇಕೆಂದು ಆ ಶಾಲೆಯವರು ಎರಡು ವರ್ಷ ಹುಡುಕಿದ್ದರು. ಕಡೆಗೆ ಸಿಕ್ಕವಳು ಹುಟ್ಟಿನಿಂದಲೇ ಕಿವುಡಿ, ಕಾಲೇಜಿಗೇ ಮೊದಲ ಸ್ಥಾನ ಪಡೆದವಳು. ಇಲ್ಲಿಗೆ ಬರುವ ಮುಂಚೆ ಅವಳು ಹನ್ನೊಂದು ಶಾಲೆಗಳ ಮೆಟ್ಟಿಲು ಹತ್ತಿ ಇಳಿದಿದ್ದಳು. ಅಂಕಪಟ್ಟಿ ನೋಡಿ ಹುಬ್ಬೇರಿಸಿದವರೆಲ್ಲ ಕಿವಿಯ ವಿಷಯ ತಿಳಿದೊಡನೆ ಮೂಗು ಮುರಿದಿದ್ದರು. ಇಲ್ಲಿನ ಹೆಡ್‌ಮೇಡಂ ಮಾತ್ರ ಬಡಪೆಟ್ಟಿಗೆ ಬಗ್ಗುವ ಹೆಂಗಸಲ್ಲ. "ಕಿವಿ ಇರೋ ಮಕ್ಕಳೇ ನನ್ನ ಮಾತು ಕೇಳಲ್ಲ. ಟೀಚರಿಗೆ ಕಿವಿ ಇದ್ದು ಏನಾಗ್ಬೇಕು?" ಎಂದು ಆರು ತಿಂಗಳ ಮಟ್ಟಿಗೆ ಸೇರಿಸಿಕೊಂಡರು. ಕೆಲಸ ಕಾಯಂ ಮಾಡುವುದು ಮಾತ್ರ ಮೇಲಧಿಕಾರಿಯ ಕೈಯಲ್ಲಿತ್ತು. ಅವರು ಮೊದಲೇ ಕೊಕ್ಕೆ ಹಾಕಿದ್ದರು: "ಗಂಟೆ ಕೇಳದವರು ತರಗತಿ ಹೇಗ್ರೀ ನಡೆಸ್ತಾರೆ?"

ಆ ಮಾತು ಪೂರಾ ಸುಳ್ಳೂ ಅಲ್ಲ. ಆ ಶಾಲೆಯ ಗಂಟೆಗೂ ಗಡಿಯಾರಕ್ಕೂ ಎಣ್ಣೆ ಸೀಗೆಕಾಯಿ. ಜವಾನನಿಗೆ ತೋಚಿದಾಗ ಗಂಟೆ. ಮೊದಲ ವಾರವೇ ಮಕ್ಕಳು ಅವಳಿಗೆ ಚಳ್ಳೆಹಣ್ಣು ತಿನ್ನಿಸಿದರು. ಇನ್ನೂ ಇಪ್ಪತ್ತು ನಿಮಿಷ ಇರುವಾಗಲೇ ಚೀಲ ಹೆಗಲಿಗೇರಿಸಿ, ಗಂಟೆ ಆಯಿತೆಂದು ಕೈ ಆಡಿಸಿ, ಮೂವತ್ತೆಂಟು ಮಂದಿಯೂ ಅಂಗಳಕ್ಕೆ ಹಾರಿದರು.

ಅವಳಪ್ಪ ಎಲೆಕ್ಟ್ರಿಷಿಯನ್. ಸುದ್ದಿ ತಿಳಿದ ಮರುದಿನವೇ ಏಣಿ ಹೊತ್ತು ಬಂದು, ಗಂಟೆಯ ಸ್ವಿಚ್ಚಿನಿಂದ ತಂತಿ ಎಳೆದು, ತರಗತಿಯ ಹಿಂದಿನ ಗೋಡೆಗೆ ಕೆಂಪು ಬಲ್ಬು ಹಾಕಿದರು. ಗಂಟೆ ಹೊಡೆದರೆ ಬಲ್ಬು ಉರಿಯಬೇಕು. ಮಕ್ಕಳ ಆಟ ಅಲ್ಲಿಗೆ ಬಂದ್!

ಆಮೇಲೆ ಆ ತುಂಟರೇ ಅವಳ ಕೈಭಾಷೆ ಕಲಿತರು. ಮೊದಲು ಕಲಿತದ್ದು ಬೈಗುಳ, ಎರಡನೆಯದು ಭಿನ್ನರಾಶಿ. ಬೇರೆ ತರಗತಿಗಳಲ್ಲಿ ಸದ್ದಿಲ್ಲದೆ ಹರಟೆ ಹೊಡೆದು ನಗುವ ಈ ಮಕ್ಕಳನ್ನು ಹಿಡಿಯಲಾಗದೆ ಉಳಿದ ಟೀಚರುಗಳು ತಲೆ ಚಚ್ಚಿಕೊಂಡರು.

ಆರು ತಿಂಗಳು ಮುಗಿಯುವ ಹೊತ್ತಿಗೆ ಅವಳ ಪಾಠ ಪರೀಕ್ಷಿಸಲು ಆ ಅಧಿಕಾರಿ ಬಂದು ಹಿಂದಿನ ಬೆಂಚಿನಲ್ಲಿ ಕೂತದ್ದು ದಿನದ ಕೊನೆಯ ಪಾಠಕ್ಕೆ. ಬೆಳಗ್ಗೆಯೇ ಅಪ್ಪ ಬಂದು ಬಲ್ಬನ್ನು ಮೂರು ಸಲ ಉರಿಸಿ ನೋಡಿ ಹೋಗಿದ್ದರು. ಅವಳು ಎಲ್ಲರಿಗೂ ಕಾಗದ ಹಂಚಿದಳು. ಒಂದು ತ್ರಿಕೋನ ಕತ್ತರಿಸಿ, ಅದರ ಮೂರು ಮೂಲೆ ಹರಿದು ಪಕ್ಕಪಕ್ಕ ಜೋಡಿಸಿದಳು. ನೇರ ಗೆರೆ ಬಂತು. 'ಗೆರೆ ಬರದ ತ್ರಿಕೋನ ಯಾರಾದರೂ ಮಾಡಿ, ನೋಡೋಣ' ಎಂದು ಕೈಯಲ್ಲೇ ಸವಾಲು ಹಾಕಿದಳು. ಮಕ್ಕಳು ಕತ್ತರಿಗಳ ಮೇಲೆ ಬಿದ್ದರು.

ಇದ್ದಕ್ಕಿದ್ದಂತೆ ಅಧಿಕಾರಿ ಎದ್ದು ನಿಂತರು. ಅವಳು ಬಲ್ಬಿನ ಕಡೆ ನೋಡಿದಳು. ಉರಿಯುವುದಿರಲಿ, ಅಲ್ಲಿ ಬಲ್ಬೇ ಇಲ್ಲ! ಕಿಟಕಿಯಾಚೆ ಇಡೀ ಶಾಲೆ ಗೇಟಿನತ್ತ ಓಡುತ್ತಿತ್ತು. ಅಧಿಕಾರಿ ಜೇಬಿನಿಂದ ಪೆನ್ನು ತೆಗೆದರು. ಹನ್ನೆರಡನೆಯ ಶಾಲೆಯೂ ಕೈ ತಪ್ಪಿತು ಎಂದುಕೊಂಡಳು.

ಆದರೆ ಮಕ್ಕಳು ಒಬ್ಬರೂ ಎದ್ದಿರಲಿಲ್ಲ. ಎರಡು ಜಡೆಯ ಹುಡುಗಿ ಹಿಂದೆ ತಿರುಗಿ ಅಧಿಕಾರಿಗೆ ಕೈಸನ್ನೆ ಮಾಡಿದಳು: 'ಕೂತ್ಕೊಳ್ಳಿ, ಇನ್ನೂ ಮುಗಿದಿಲ್ಲ.' ಕೈಭಾಷೆಯ ಗಂಧಗಾಳಿ ಇಲ್ಲದಿದ್ದರೂ ಅವರು ತೆಪ್ಪಗೆ ಕೂತರು.

'ಬಲ್ಬ್ ಎಲ್ಲಿ?' ಎಂದು ಟೀಚರ್ ಕೈಯಲ್ಲಿ ಕೇಳಿದಳು.

ಹುಡುಗಿ ಕರವಸ್ತ್ರದಲ್ಲಿ ಸುತ್ತಿದ್ದ ಬಲ್ಬನ್ನು ಊಟದ ಡಬ್ಬಿಯಿಂದ ತೆಗೆದಳು. ಅಧಿಕಾರಿಗೂ ತಿಳಿಯಲೆಂದು ಕೈಯಲ್ಲೂ ಬಾಯಲ್ಲೂ ಹೇಳಿದಳು: "ನಾವೇ ಬಿಚ್ಚಿಟ್ವಿ ಮಿಸ್. ಅದು ಉರಿದ್ರೆ ನೀವು ಪಾಠ ನಿಲ್ಲಿಸ್ಬಿಡ್ತೀರಲ್ಲಾ!"

ಅಧಿಕಾರಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಸುಸ್ತಾಗಿ ತಾವೂ ಒಂದು ಕತ್ತರಿ ಕೇಳಿದರು. ಟೀಚರನ್ನು ಸೋಲಿಸಿಯೇ ತೀರುವ ಹಟದಲ್ಲಿ ಉದ್ದನೆಯ ಸೊಟ್ಟ ತ್ರಿಕೋನವೊಂದನ್ನು ಕತ್ತರಿಸಿ ಮೂಲೆ ಜೋಡಿಸಿದರು. ನೇರ ಗೆರೆಯೇ ಬಂತು. ವರದಿಯಲ್ಲಿ ಬರೆದದ್ದು ಎರಡೇ ಸಾಲು: 'ಈ ತರಗತಿಯಲ್ಲಿ ಗಂಟೆ ಯಾರಿಗೂ ಕೇಳಿಸುವುದಿಲ್ಲ. ಟೀಚರನ್ನು ಕಾಯಂ ಮಾಡಿ.'

ಮನೆ ಬಾಗಿಲಲ್ಲೇ ಕಾಯುತ್ತಿದ್ದ ಅಪ್ಪ, ಅವಳು ಚಪ್ಪಲಿ ಬಿಡುವ ಮೊದಲೇ ಕೈಯಾಡಿಸಿ ಕೇಳಿದರು: 'ಬಲ್ಬ್ ಸರಿಯಾಗಿ ಉರೀತಾ, ಮಗಳೇ?'

ಅವಳ ಮುಖ ಸಂತೋಷಕ್ಕೆ ಊರಗಲವಾಗಿತ್ತು. 'ಇಲ್ಲಪ್ಪಾ, ಉರೀಲೇ ಇಲ್ಲ. ಅದಕ್ಕೇ ಕೆಲಸ ಕಾಯಂ ಆಯ್ತು!'