ಗೌಡರ ಸರದಿ

ಗೋಣಿಬೀಡಿನಿಂದ ಮೇಲಕ್ಕೆ, ಸಮುದ್ರಮಟ್ಟಕ್ಕಿಂತ ಮೂರು ಸಾವಿರ ಅಡಿ ಎತ್ತರದಲ್ಲಿ, ಹಡಗಿರಲಿ, ಒಂದು ತೆಪ್ಪ ತೇಲಿಸುವಷ್ಟು ನೀರೂ ಇಲ್ಲದ ಕಾಫಿ ಎಸ್ಟೇಟಿನಲ್ಲಿ ವರ್ಷಗಟ್ಟಲೆ ಘೋರ ನೌಕಾಯುದ್ಧ ನಡೆಯಿತು. ಒಂದು ಕಡೆಯ ದಂಡನಾಯಕರು ಎಸ್ಟೇಟಿನ ಯಜಮಾನ ರುದ್ರಪ್ಪಗೌಡರು. ಇನ್ನೊಂದು ಕಡೆ ಅವರ ರೈಟರ್ ಸುಬ್ಬಣ್ಣ.

ಸುಬ್ಬಣ್ಣ ಯುದ್ಧಕ್ಕೆಂದು ಹುಟ್ಟಿದವನಲ್ಲ. ಬಸ್‌ಸ್ಟ್ಯಾಂಡಿನ ಪಕ್ಕ ಬೀಡಿ, ಬಾಳೆಹಣ್ಣು ಮಾರುತ್ತಿದ್ದವರ ಮಗ. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ ಕೈಕೊಟ್ಟ ಮೇಲೆ ಗೌಡರ ತೋಟ ಸೇರಿ, ಆಳುಗಳ ಹಾಜರಿ ಕರೆಯುತ್ತ, ಸಿಪ್ಪೆ ಬಿಡಿಸಿ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಚೀಲ ತೂಗಿಸುತ್ತ ತಲೆಗೂದಲು ಬೆಳ್ಳಗೆ ಮಾಡಿಕೊಂಡವನು. ಮದುವೆಗೆ ಪುರುಸೊತ್ತಾಗಲಿಲ್ಲ ಎನ್ನುತ್ತಿದ್ದ. ನಿಜ ಹೇಳಬೇಕೆಂದರೆ ಹೆಣ್ಣು ಕೇಳಲು ಧೈರ್ಯ ಬಂದಿರಲಿಲ್ಲ. ಗೌಡರೆದುರು ಅವನಿಗೆ ಬರುತ್ತಿದ್ದ ಮಾತು ಒಂದೇ: "ಹೌದು ಗೌಡ್ರೆ." ಉರಿಬಿಸಿಲಿನಲ್ಲಿ ನಿಂತು ಗೌಡರು ಮಳೆ ಬರುತ್ತದೆ ಎಂದರೂ, ಹೌದು ಗೌಡ್ರೆ ಎಂದು ಕೊಡೆ ತರಲು ಹೊರಡುವವನು.

ಅಂಥವನ ಕೈಗೆ ಫಿರಂಗಿ ಕೊಟ್ಟವನು ಮಂಗಳೂರು ಬಂದರಿನ ಒಬ್ಬ ಏಜೆಂಟ. ಕಾಫಿ ಸಾಗಿಸಿದ ಖುಷಿಗೆ ತೊಂಬತ್ನಾಲ್ಕರಲ್ಲಿ ಗೌಡರಿಗೆ ವಿದೇಶಿ ಪೆಟ್ಟಿಗೆಯೊಂದನ್ನು ತಂದುಕೊಟ್ಟ. ತೆರೆದರೆ ನಡುವೆ ಮುಚ್ಚಳ ಗೋಡೆಯಂತೆ ನಿಲ್ಲುತ್ತಿತ್ತು; ಆಚೆಗೊಬ್ಬ, ಈಚೆಗೊಬ್ಬ. ಇಬ್ಬರ ಮುಂದೆಯೂ ಚೌಕಳಿ ಚೌಕಳಿ ಸಮುದ್ರ, ಅದರಲ್ಲಿ ಸಾಲು ತೂತುಗಳಿದ್ದ ಪ್ಲಾಸ್ಟಿಕ್ ಹಡಗುಗಳು; ಎಲ್ಲ ತೂತಿಗೂ ಏಟು ಬಿದ್ದರೆ ಹಡಗು ಮುಳುಗಿದಂತೆ. ಎದುರಾಳಿ ಹಡಗು ಎಲ್ಲಿ ಅಡಗಿಸಿದ್ದಾನೆಂದು ಊಹಿಸಿ, ಒಂದು ಅಕ್ಷರ, ಒಂದು ಅಂಕಿ, ಕೊನೆಗೊಂದು ಕೆಂಪು ಗುಂಡಿ ಒತ್ತಬೇಕು. ಪೆಟ್ಟಿಗೆ ಸಿಳ್ಳೆ ಹಾಕಿ, ಧಡಾರೆಂದು ಸಿಡಿದು "ಹಿಟ್" ಅನ್ನುತ್ತಿತ್ತು. ಏಟು ತಿಂದವನ ಹಡಗಿನ ಮೇಲೆ ದೀಪ ಹತ್ತುತ್ತಿತ್ತು. ಗುಂಡು ನೀರಿಗೆ ಬಿದ್ದರೆ ಬರೀ "ಮಿಸ್". ಎಲ್ಲಿ ಬಿತ್ತೆಂದು ಎದುರಿನವನಿಗೆ ತಿಳಿಯದು; ಹೊಡೆದವನು ಮಾತ್ರ ಎದುರಾಳಿಯ ಸಮುದ್ರದ ಚೌಕಳಿ ಬರೆದ ತನ್ನ ಹಲಗೆಗೆ ಗುರುತಿನ ಮೊಳೆ ಚುಚ್ಚಿಕೊಳ್ಳುವನು, ತಪ್ಪಿದ್ದಕ್ಕೆ ಬಿಳಿ, ತಾಗಿದ್ದಕ್ಕೆ ಕೆಂಪು. ಯಾರಾದರೂ ತಡಮಾಡಿದರೆ ಪೆಟ್ಟಿಗೆಯೇ ಗದರುತ್ತಿತ್ತು: "ಕಮಾಂಡರ್, ಫೈರ್!"

ಸಂಜೆ ಕಣದ ಕಾಫಿಗೆ ಟಾರ್ಪಾಲು ಹೊದಿಸಿದ ಮೇಲೆ ಇಬ್ಬರೂ ಆಫೀಸ್ ಕೋಣೆಯಲ್ಲಿ ಕೂರುವರು. ಮೊದಮೊದಲು ಸುಬ್ಬಣ್ಣ ಮರ್ಯಾದೆಗೆ ಸೋತ. ಬರಬರುತ್ತ ಗೆಲ್ಲಲು ನೋಡಿದ. ಆಗ ತಿಳಿಯಿತು, ತಾನು ಮರ್ಯಾದೆ ಬಿಟ್ಟರೂ ಸೋಲು ತನ್ನನ್ನು ಬಿಡುವುದಿಲ್ಲವೆಂದು.

"ಏನ್ ಮಾರಾಯ, ಹಡಗೆಲ್ಲ ಕೂಲಿ ಲೈನಿನ ಥರ ಸಾಲಾಗಿ ಇಟ್ಟಿದೀಯಲ್ಲ! ಕಣ್ಮುಚ್ಚಿ ಹೊಡೀಬೌದು."

"ಹೌದು ಗೌಡ್ರೆ."

"ಥೂ, ಮುಳುಗ್ತಾನೂ ಹೌದು ಗೌಡ್ರೆ ಅಂತೀಯಲ್ಲೋ!"

ಒಂದು ಸಲ, ಒಂದೇ ಒಂದು ಸಲ ಗೌಡರನ್ನು ನ್ಯಾಯವಾಗಿ ಸೋಲಿಸಬೇಕು. ಸುಬ್ಬಣ್ಣನ ಬಾಳಿನಲ್ಲಿ ಅದಕ್ಕಿಂತ ದೊಡ್ಡ ಆಸೆ ಉಳಿದಿರಲಿಲ್ಲ.

ತೊಂಬತ್ತೊಂಬತ್ತರ ಜನವರಿಯಲ್ಲಿ, ಹಣ್ಣುಕೊಯ್ಲಿನ ಗಡಿಬಿಡಿಯ ನಡುವೆ, ಆ ಗಳಿಗೆ ಹತ್ತಿರ ಬಂತು. ಗೌಡರ ಕಡೆ ಉಳಿದದ್ದು ಎರಡು ತೂತಿನ ಪುಟ್ಟ ದೋಣಿ. ಅದಕ್ಕೂ ಒಂದು ಏಟು ಬಿದ್ದಾಗಿತ್ತು. ಇನ್ನೊಂದು ತೂತು ಎಲ್ಲಿದೆಯೆಂದು ಸುಬ್ಬಣ್ಣನಿಗೆ ಗೊತ್ತಾಗಿಹೋಗಿತ್ತು. ಅವನದೋ, ನಾಲ್ಕು ತೂತಿನ ಹಡಗೊಂದು ಮೈಮೇಲೆ ಗೀರೂ ಇಲ್ಲದೆ ನಿಂತಿತ್ತು. ಗೌಡರು ಒಂದು ಗುಂಡು ಹಾರಿಸಿದರೆ ಮುಂದಿನ ಗುಂಡು ಸುಬ್ಬಣ್ಣನದು, ಗೆಲುವೂ ಸುಬ್ಬಣ್ಣನದು.

ಗೌಡರು ಆಕಳಿಸಿದರು. "ನಾಳೆ ಹೊಡೀತೀನಿ ಮಾರಾಯ. ಪೆಟ್ಟಿಗೆ ಆರಿಸ್ಬೇಡ." ಆರಿಸಿದರೆ, ಸೆಲ್ಲು ತೆಗೆದರೆ, ಪೆಟ್ಟಿಗೆ ಎಲ್ಲ ಮರೆಯುತ್ತಿತ್ತು.

ಬೆಳಿಗ್ಗೆ ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಹೌಸಿನೆದುರು, ಹಣ್ಣಿನ ರಾಶಿಯ ಪಕ್ಕ ಗೌಡರು ಕುಸಿದು ಕೂತರು. ಏಳಲಿಲ್ಲ.

ಸುಬ್ಬಣ್ಣ ಮನಸಾರೆ ಅತ್ತ. ಅಳುವಿನ ನಡುವೆಯೇ ಒಂದು ಯೋಚನೆ ಮುಳ್ಳಿನಂತೆ ಚುಚ್ಚಿತು: ಸರದಿ ಗೌಡರದು. ಅವರ ಕಡೆಯಿಂದ ತಾನೇ ಒಂದು ಗುಂಡನ್ನು ಖಾಲಿ ನೀರಿಗೆ ಹಾರಿಸಿ, ಮರುಕ್ಷಣ ಗೆದ್ದುಬಿಡಬಹುದಿತ್ತು. ಆದರೆ ಅದು ಹೆಣದ ಹೆಬ್ಬೆಟ್ಟು ಒತ್ತಿಸಿಕೊಂಡು ತೋಟ ಬರೆಸಿಕೊಂಡಂತೆ. ಸುಬ್ಬಣ್ಣ ಪುಕ್ಕಲನಿರಬಹುದು, ಕಳ್ಳನಲ್ಲ.

ಪೆಟ್ಟಿಗೆ ಮಾತ್ರ ಸುಮ್ಮನಿರಲಿಲ್ಲ. ಖಾಲಿ ಕೋಣೆಯಿಂದ ಆಗೀಗ ಕೂಗುತ್ತಿತ್ತು: "ಕಮಾಂಡರ್, ಫೈರ್!" ಸೆಲ್ಲು ಇಳಿಯುತ್ತ ಬಂದಂತೆ, ಬಿಳಿ ದೊರೆಯಂತಿದ್ದ ಆ ದನಿ ದಪ್ಪವಾಯಿತು, ನಿಧಾನವಾಯಿತು, ಕೊನೆಗೆ ಗಂಟಲಲ್ಲಿ ಕಫ ಕಟ್ಟಿದ ರುದ್ರಪ್ಪಗೌಡರ ದನಿಗೇ ಬಂದು ನಿಂತಿತು. ಅಡುಗೆಯ ಗಿಡ್ಡಮ್ಮ ಕಾಫಿ ಲೋಟಗಳನ್ನು ಹೊಸಿಲ ಮೇಲೇ ಬಿಟ್ಟು ಓಡಿದಳು. "ಅಮ್ಮಾ, ಗೌಡ್ರು ಒಳಗೆ ಕೂತು ಗೊಣಗ್ತಿದಾರೆ!" ಮೇಸ್ತ್ರಿ ಚಿಕ್ಕಯ್ಯ ಕಿಟಕಿಯ ಹೊರಗೇ ನಿಂತು ಹೇಳಿದ, "ರೈಟ್ರೆ, ಆ ಕೋಣೇಲಿ ಕೂತು ಹಾಜರಿ ಕರೀಬೇಡಿ. ನೀವು ನನ್ನ ಹೆಸ್ರು ಕೂಗಿದ್ರಿ, ನಾನು ಬಾಯಿ ತೆಗೆಯೋಕೆ ಮುಂಚೆ ಯಾರೋ 'ಓ' ಅಂದ್ರು."

ಸುಬ್ಬಣ್ಣ ನಕ್ಕ. ಆದರೆ ಎದುರಿನ ಬೆತ್ತದ ಕುರ್ಚಿಯಲ್ಲಿ ಗೌಡರ ಭಾರಕ್ಕೆ ಬಿದ್ದಿದ್ದ ಗುಣಿ ಇನ್ನೂ ಮೇಲೆದ್ದಿರಲಿಲ್ಲ. ಗೌಡರ ನಶ್ಯದ ಘಾಟು ದಿನದಿಂದ ದಿನಕ್ಕೆ ಕಡಿಮೆಯಾಗುವ ಬದಲು ಹೆಚ್ಚುತ್ತಿತ್ತು. ಬಿಟ್ಟು ಹೋಗೋಣವೆಂದರೆ ಸೆಲ್ಲು ಯಾವಾಗ ಸಾಯುತ್ತದೋ ಎಂಬ ಭಯ. ಕೂರೋಣವೆಂದರೆ ಮುಚ್ಚಳದ ಆಚೆ ಯಾರೋ ಉಸಿರಾಡುತ್ತಿದ್ದಾರೆಂಬ ಭಯ. ಎರಡು ಭಯಗಳ ನಡುವೆ ಆ ವೀರ ಕುರ್ಚಿಯ ತುದಿಯಲ್ಲಿ ಕೂತು ಕಾವಲು ಕಾದ.

ತಿಥಿಯ ದಿನ ಗೌಡರ ಹೆಂಡತಿ ಮುದ್ದಮ್ಮ ತೀರ್ಪು ಕೊಟ್ಟರು. "ಸುಬ್ಬಣ್ಣ, ಅವ್ರು ಯಾವ ಕೆಲ್ಸಾನೂ ಅರ್ಧಕ್ಕೆ ಬಿಟ್ಟವ್ರಲ್ಲ. ಈ ಆಟ ಮುಗೀದೆ ಹೋಗಲ್ಲ. ಎಡೆ ಆ ಪೆಟ್ಟಿಗೆ ಮುಂದೇನೇ ಇಡಿ. ಅವ್ರ ಸರದಿ ಅವ್ರೇ ಮುಗಿಸ್ಲಿ."

ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಬಾಗಿಲು ಮುಚ್ಚಿ, ಅವರು ಬಂದು ಉಂಡುಹೋಗುವಷ್ಟು ಹೊತ್ತು ಎಲ್ಲರೂ ಹೊರಗೆ ನಿಲ್ಲುವುದು ಕ್ರಮ. ಹಾಗೇ ಆಯಿತು. ಕಡುಬು, ಬಾಡಿನ ಸಾರು, ಹುರಿದ ಮೀನು, ಗ್ಲಾಸಿನಲ್ಲಿ ಬ್ರಾಂದಿ, ಪಕ್ಕದಲ್ಲಿ ಬಾಯಿ ತೆರೆದ ಪೆಟ್ಟಿಗೆ. ಬಾಗಿಲು ಮುಚ್ಚಿತು. ನೆಂಟರೆಲ್ಲ ಕೈಮುಗಿದು ನಿಂತರು. ತೋಟದ ಜೀರುಂಡೆಗಳೂ ಅದೇಕೋ ಬಾಯಿ ಮುಚ್ಚಿದವು.

ಒಳಗಿನಿಂದ ಸಿಳ್ಳೆ ಕೇಳಿಸಿತು.

ಉದ್ದನೆಯ ಸಿಳ್ಳೆ, ಪಾತಾಳಕ್ಕೆ ಬೀಳುವಂತೆ. ಆಮೇಲೆ ಧಡಾರ್. ಆಮೇಲೆ ಕಫದ ದನಿ: "ಹಿ…ಟ್."

ಬಂದೂಕಿನ ಲೈಸೆನ್ಸ್ ಇದ್ದ ನೆಂಟರು ಮೊದಲು ಓಡಿದರು, ಇಲ್ಲದವರು ಹಿಂದೆ. ಚಿಕ್ಕಯ್ಯ ಕಣ ದಾಟಿ ಜೀಪಿನೊಳಗೆ ಕೂತು ಗಾಜು ಏರಿಸಿಕೊಂಡ. ಮುದ್ದಮ್ಮ ಜಗ್ಗಲಿಲ್ಲ. ಕ್ರಮದಂತೆ ಬಾಗಿಲು ತಟ್ಟಿ ತೆರೆದರು. ಸುಬ್ಬಣ್ಣ ಅವರ ಸೆರಗಿನ ಮರೆಯಲ್ಲೇ ಒಳಗೆ ಬಂದ.

ಎಲೆಯಲ್ಲಿ ಮೀನಿರಲಿಲ್ಲ. ಗ್ಲಾಸಿನ ಬ್ರಾಂದಿ ಇಳಿದಿತ್ತು. ಕಿಟಕಿಯ ಒಂದು ಕದ ತೆರೆದಿತ್ತು.

"ಬೆಕ್ಕು ಇರ್ಬೇಕು," ಅಂದಿತು ದೂರದಿಂದ ನೆಂಟರೊಬ್ಬರ ದನಿ.

ಬೆಕ್ಕು ಮೀನು ತಿನ್ನುತ್ತದೆ, ಒಪ್ಪೋಣ. ಬ್ರಾಂದಿಯನ್ನೂ ನೆಕ್ಕಿತು ಅನ್ನೋಣ. ಅಕ್ಷರ, ಅಂಕಿ, ಗುಂಡಿ, ಮೂರನ್ನೂ ಕ್ರಮವಾಗಿ ಒತ್ತಬಲ್ಲ ಬೆಕ್ಕು ಇಡೀ ಮೂಡಿಗೆರೆ ತಾಲ್ಲೂಕಿನಲ್ಲಿ ಇದ್ದದ್ದು ಯಾರಿಗೂ ಗೊತ್ತಿರಲಿಲ್ಲ. ಸುಬ್ಬಣ್ಣನ ಹಡಗಿನ ನಟ್ಟನಡುವೆ ದೀಪ ಉರಿಯುತ್ತಿತ್ತು.

"ಈಗ ನಿಮ್ಮ ಸರದಿ ಅಲ್ವಾ? ಹೊಡೀರಿ ಸುಬ್ಬಣ್ಣ," ಮುದ್ದಮ್ಮ ಅಂದರು. "ಅವ್ರು ಹೋಗ್ಲಿ."

ಸುಬ್ಬಣ್ಣ ಅಕ್ಷರ ಒತ್ತಿದ. ಅಂಕಿ ಒತ್ತಿದ. ಎಷ್ಟೋ ವರ್ಷಗಳ ಸೋಲನ್ನೆಲ್ಲ ಹೆಬ್ಬೆರಳಿಗೆ ತಂದು ಗುಂಡಿ ಒತ್ತಿದ. ಸಿಳ್ಳೆ ಶುರುವಾಯಿತು, ಎಳೆಯಿತು, ಕುಗ್ಗಿತು, ನಿಂತೇಹೋಯಿತು. ದೀಪ ಆರಿತು. ಸೆಲ್ಲು ತೀರಿಕೊಂಡಿತ್ತು. ಗುಂಡು ಹಾರಿತ್ತು, ಎಲ್ಲಿಯೂ ಬೀಳಲಿಲ್ಲ.

ಯುದ್ಧವೇ ಮುಗಿದ ಮೇಲೆ ಕದ್ದು ನೋಡುವುದೆಂಬುದೇನಿದೆ? ಸುಬ್ಬಣ್ಣ ಮೊದಲ ಬಾರಿಗೆ ಮುಚ್ಚಳದ ಆಚೆಗೆ ಹೋಗಿ ಬಗ್ಗಿದ. ಪುಟ್ಟ ದೋಣಿ ಅವನು ಗುರಿಯಿಟ್ಟಲ್ಲೇ ಕೂತಿತ್ತು. ಆದರೆ ಅವನ ಕಣ್ಣು ನಿಂತದ್ದು ಗೌಡರ ಗುರುತಿನ ಹಲಗೆಯ ಮೇಲೆ. ಬಿಳಿ ಮೊಳೆಗಳು ಸುಬ್ಬಣ್ಣನ ಹಡಗು ನಿಂತ ನಾಲ್ಕು ತೂತುಗಳ ಸುತ್ತ ಬೇಲಿ ಹಾಕಿದಂತೆ ನಿಂತಿದ್ದವು. ಮೇಲೆ, ಕೆಳಗೆ, ಎರಡೂ ತುದಿಗೆ. ಬೇಲಿಯೊಳಗೆ ಒಂದೂ ಇರಲಿಲ್ಲ. ಹಡಗು ಎಲ್ಲಿದೆಯೆಂದು ಗೌಡರಿಗೆ ಚೆನ್ನಾಗಿ ಗೊತ್ತಿತ್ತು. ಬೇಕೆಂದೇ ಸುತ್ತಮುತ್ತ ನೀರಿಗೆ ಹೊಡೆಯುತ್ತ, ಗೆಲುವನ್ನು ರೈಟರಿಗೆ ದಾನ ಕೊಡಲು ಹೊರಟಿದ್ದರು.

ಸುಬ್ಬಣ್ಣನ ಕಿವಿ ಕೆಂಪಾಯಿತು. ದೀಪಾವಳಿಗೆ ಕೊಡುವ ಪಂಚೆಯ ಹಾಗೆ ಇದನ್ನೂ ಕೊಡುವುದೇ? ಬೈಯಲು ಬಾಯಿ ತೆರೆದವನಿಗೆ ತನ್ನ ಹಡಗಿನ ಮೇಲೆ ಉರಿದ ದೀಪ ನೆನಪಾಯಿತು. ಬದುಕಿದ್ದ ಗೌಡರು ಕನಿಕರದಿಂದ ತಪ್ಪಿಸುತ್ತಿದ್ದರು. ಆದರೆ ಈಗ ಬಂದವರು? ನೇರವಾಗಿ, ನಡುಮಧ್ಯಕ್ಕೆ, ಮುಳುಗಿಸಲೆಂದೇ ಹೊಡೆದಿದ್ದರು. ಅವನಿಗೆ ಹೆದರಿಕೆಯಾಯಿತು. ಜತೆಗೆ, ನಾಚಿಕೆಯಿಲ್ಲದೆ, ಒಂದು ಸಂತೋಷ.

"ಯಾರು ಗೆದ್ರು?" ಮುದ್ದಮ್ಮ ಕೇಳಿದರು.

"ಯಾರೂ ಇಲ್ಲ ಅಮ್ಮಾವ್ರೆ. ಗೌಡ್ರು ಇವತ್ತಿನಿಂದ ನಿಜವಾಗಿ ಆಡೋಕೆ ಶುರು ಮಾಡಿದಾರೆ."

"ಹಂಗಂದ್ರೆ? ಹೋದ್ರೋ, ಇಲ್ವೋ?"

ಸುಬ್ಬಣ್ಣ ಆಗಲೇ ಹೆಗಲಿಗೆ ಟವೆಲು ಹಾಕಿಕೊಂಡಿದ್ದ. "ಗೋಣಿಬೀಡಿಂದ ಹೊಸ ಸೆಲ್ಲು ತರ್ತೀನಿ. ಅಲ್ಲೀತನಕ ಅವ್ರ ಹಡಗು ಯಾರೂ ಮುಟ್ಬೇಡಿ ಅಮ್ಮಾವ್ರೆ, ಹೊಸ ಆಟಕ್ಕೆ ಅವ್ರೇ ಇಟ್ಕೊಳ್ಲಿ."