ಅಣ್ಣನಿಗೆ ಹೇಳಬೇಕಾದ ಉತ್ತರ

ಇನ್ನೂ ಬೆಳಕು ಹರಿದಿಲ್ಲ. ಕಾರಿಡಾರಿನ ಕೊನೆಯ ಬೀರುವಿನಲ್ಲಿ ತಮ್ಮ ಮೊಬೈಲನ್ನೂ ನನ್ನದನ್ನೂ ಇಟ್ಟು ಬೀಗ ಹಾಕಿ, ಇಲಿಗಳನ್ನು ನೋಡಿಕೊಳ್ಳುವ ಆಕೆ, ತಮ್ಮ ಕೆಲಸ ನೋಡಲು ಬಂದ ನನ್ನನ್ನು ಇಲಿಗಳ ಕೋಣೆಗೆ ಕರೆದೊಯ್ಯುತ್ತಾರೆ. ಒಳಗೆ ಇಲಿಗಳ ಕಣ್ಣಿಗೆ ಅಷ್ಟಾಗಿ ಕಾಣದ, ಮಂದವಾದ ಒಂದು ಕೆಂಪು ಬಲ್ಬು. ಆ ಬೆಳಕಿನಲ್ಲೇ ಪಂಜರದ ತಟ್ಟೆ ಎಳೆದು, ಒದ್ದೆಯಾದ ಮರದ ಹೊಟ್ಟು ಸುರಿದು, ಒಣ ಹೊಟ್ಟು ಹರಡುತ್ತಾರೆ. ಬಿಳಿ ಇಲಿಯೊಂದು ಅವರ ಮುಂಗೈ ಹತ್ತಿ ಕೂರುತ್ತದೆ. ನಾನು ಕೈ ಚಾಚಿದರೆ ಮೂಲೆ ಸೇರುತ್ತದೆ.

ಸಂಶೋಧನಾಲಯದಲ್ಲಿ ಎಲ್ಲರೂ ಇವರನ್ನು ಕರೆಯುವುದು ಇಲಿಯಮ್ಮ ಎಂದೇ. "ಮನೇಲಿ ಇಲಿ ಕಂಡ್ರೆ ಮಾತ್ರ ಪೊರಕೆ ತಗೋತೀನಿ," ಎಂದು ನಗುತ್ತಾರೆ. ಆ ನಗು ಬಹಳ ಹೊತ್ತು ಉಳಿಯುವುದಿಲ್ಲ.

ಇಲ್ಲಿ ನಡೆಯುತ್ತಿರುವುದು ಮೊಬೈಲ್ ವಿಕಿರಣದ ಪರೀಕ್ಷೆ. ಕೆಲವು ಪಂಜರಗಳ ಕೆಳಗೆ ದಿನವೂ ಗಂಟೆಗಟ್ಟಲೆ ಮೊಬೈಲ್ ಚಾಲೂ ಇರುತ್ತದೆ. ಅಲ್ಲಿನ ಅರ್ಧದಷ್ಟು ಇಲಿಗಳಿಗೆ ಮೆಲಟೋನಿನ್ ಕೊಡುತ್ತಾರೆ. ಕತ್ತಲಾದಾಗ ಮೆದುಳು ತಾನೇ ತಯಾರಿಸಿಕೊಳ್ಳುವ, ಬೆಳಕು ಬಿದ್ದರೆ ನಿಲ್ಲಿಸುವ ಹಾರ್ಮೋನು ಅದು. ವಿಕಿರಣದಿಂದ ಜೀವಕೋಶಗಳಿಗೆ ಹಾನಿಯಾಗುವುದಾದರೆ ಅದನ್ನು ಇದು ತಡೆದೀತೇ ಎಂಬುದು ಪ್ರಶ್ನೆ. ಹೊತ್ತಲ್ಲದ ಹೊತ್ತಿನಲ್ಲಿ ದೀಪ ಹತ್ತಿದರೂ, ಹೊರಗಿನ ಫೋನ್ ಒಳಗೆ ಬಂದರೂ ಪರೀಕ್ಷೆ ಕೆಡುತ್ತದೆ. ಒಮ್ಮೆ ಇವರಿಗೆ ಜ್ವರ ಬಂದಾಗ ಬದಲಿಗೆ ಬಂದವನು ಅಭ್ಯಾಸಬಲದಿಂದ ಟ್ಯೂಬ್‌ಲೈಟ್ ಹಾಕಿಬಿಟ್ಟ. ಆ ತಂಡದ ಇಲಿಗಳ ಮೇಲಿನ ಕೆಲಸವೆಲ್ಲ ಮಣ್ಣುಪಾಲಾಯಿತು. ಅಂದಿನಿಂದ ಇವರಿಗೆ ರಜೆ ಎಂದರೆ ಗಗನಕುಸುಮ.

ತಾಯಿ ಹಾಸಿಗೆ ಹಿಡಿದಾಗ ರಜೆ ಕೇಳಿದ್ದರು. ಈ ತಂಡ ಮುಗಿಯಲಿ ಎಂದರು ಮೇಲಿನವರು. ಒಂದು ಮುಂಜಾನೆ ಇವರು ಹೊಟ್ಟು ಬದಲಿಸುತ್ತಿದ್ದಾಗ ಬೀರುವಿನೊಳಗಿನ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಮಗಳ ದನಿ ಕೇಳಬೇಕೆಂದು ತಾಯಿ ಹಟ ಹಿಡಿದಿದ್ದರಂತೆ. ಅಣ್ಣ ಮತ್ತೆ ಮತ್ತೆ ಕರೆ ಮಾಡಿದ್ದಾರೆ. ಇವರು ಹೊರಗೆ ಬಂದು ಬೀಗ ತೆಗೆಯುವಷ್ಟರಲ್ಲಿ ಅಮ್ಮ ಕಣ್ಣು ಮುಚ್ಚಿದ್ದರು.

"ಒಳಗೆ ಅಷ್ಟೊಂದು ಫೋನ್ ಇದ್ವು. ನಂದೊಂದು ಹೊರಗಿತ್ತು," ಎನ್ನುತ್ತಾರೆ, ಹೊಟ್ಟಿನ ಚೀಲದ ಬಾಯಿ ಕಟ್ಟುತ್ತಾ.

ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಗೊತ್ತಾಗುವುದಿಲ್ಲ. ಅಣ್ಣನಂತೂ ಅಂದಿನಿಂದ ತಂಗಿಯ ಜೊತೆ ಮಾತು ಬಿಟ್ಟಿದ್ದಾರೆ.

ಇಂದು ಅದೇ ತಂಡದ ಕೊನೆಯ ದಿನ. ಮೆದುಳು ಪರೀಕ್ಷಿಸಬೇಕೆಂದರೆ ಇಲಿಗಳನ್ನು ಕೊಲ್ಲಲೇಬೇಕು. ಬೇರೆಯವರು ಹಿಡಿದರೆ ಹೆದರುತ್ತವೆಂದು ಒಂದೊಂದನ್ನೂ ಇವರೇ ಬೆನ್ನು ಸವರಿ ಎತ್ತಿ ಕೊಡುತ್ತಾರೆ. ಹಿಂದಿನ ಯಾವ ತಂಡದ ಫಲಿತಾಂಶವನ್ನೂ ಇವರಿಗೆ ಯಾರೂ ತಿಳಿಸಿಲ್ಲ. ಈ ಸಲ ಹಿರಿಯ ವಿಜ್ಞಾನಿಯನ್ನು ತಾವೇ ಬಾಯಿಬಿಟ್ಟು ಕೇಳಿದ್ದಾರೆ. ತಿಂಗಳುಗಳೇ ಬೇಕು, ಕೊನೆಗೆ ಏನೂ ವ್ಯತ್ಯಾಸ ಕಾಣದೆಯೂ ಇರಬಹುದು ಎಂದರಂತೆ ಅವರು.

ಹಾಗಾದರೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಖಾಲಿ ಪಂಜರ ಉಜ್ಜುತ್ತಲೇ ಹೇಳುತ್ತಾರೆ: "ಇಲ್ಲ ಅಂತಾದ್ರೆ ಇಲ್ಲ ಅಂತಲೇ ಹೇಳ್ಲಿ. ಯಾವ್ದಕ್ಕೋಸ್ಕರ ಅಮ್ಮನ ಫೋನ್ ಎತ್ತಲಿಲ್ಲ ಅಂತ ಅಣ್ಣ ಅವತ್ತು ಕೇಳ್ದ. ಅವನಿಗೆ ಹೇಳೋಕೆ ನನ್ನ ಹತ್ರ ಏನಾದ್ರೂ ಇರಬೇಕಲ್ಲ."