ಗಫೂರರ ಹೆಸರಿನ ಸಜ್ಜೆ

ಗಿಲ್‌ರಾಯ್‌ನ ಬೆಳ್ಳುಳ್ಳಿ ಹೊಲಗಳನ್ನು ದಾಟಿ ಪೂರ್ವದ ಗುಡ್ಡ ಹತ್ತಿಳಿದರೆ ಮರುಭೂಮಿಯಂಥ ಒಂದು ಒಣ ಕಣಿವೆ ಸಿಗುತ್ತದೆ. ಬೋಳು ಜಾಗ ಎಂದು ಮೂಗು ಮುರಿಯುವವರು ಅಲ್ಲಿ ಸ್ವಲ್ಪ ಹೊತ್ತು ಬಾಯಿ ಮುಚ್ಚಿ ಕೂರಬೇಕು. ಬಂಡೆಯ ತುದಿಯಲ್ಲಿ ಹದ್ದು ಕಾಣುತ್ತದೆ, ಪೊದೆಯ ನೆರಳಲ್ಲಿ ಕಾಡುಬೆಕ್ಕು, ಆಮೇಲೆ ಜುಟ್ಟಿನ ಲಾವುಗೆ ಹಕ್ಕಿಗಳ ಮೆರವಣಿಗೆ. ಹಾಗೆ ಕೂರಲು ಬರುತ್ತಿದ್ದದ್ದು ನಮ್ಮ ಪಕ್ಕದ ಮನೆಯ ಗಫೂರ್ ಸಾಹೇಬರಿಗೆ.

ವಿಜಯಪುರದವರು, ಈ ಪರದೇಶಕ್ಕೆ ಬಂದು ಟೈಲ್ಸ್ ಅಂಗಡಿ ಇಟ್ಟಿದ್ದರು. ಭಾನುವಾರ ಬಂತೆಂದರೆ ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ಕಣಿವೆಗೆ ಹೊರಡುತ್ತಿದ್ದರು. ಕೆಲವೊಮ್ಮೆ ನಾನೂ ಜೊತೆಗಿರುತ್ತಿದ್ದೆ. "ನೀನೂ ಬಾ" ಎಂದು ಹೆಂಡತಿ ಆಬಿದಾರನ್ನು ತಪ್ಪದೆ ಕರೆಯುತ್ತಿದ್ದರು.

"ಹಕ್ಕಿ ನೋಡಾಕ ಅಷ್ಟು ದೂರ ಯಾಕ್ರಿ, ಅಂಗಳಕ್ಕ ಬರ್ತಾವಲ್ಲ" ಎಂದು ಅವರು ರೊಟ್ಟಿ ತಟ್ಟುತ್ತಲೇ ಹೇಳುತ್ತಿದ್ದರು. ಒಮ್ಮೆಯೂ ಹೋಗಲಿಲ್ಲ.

ಹೋದ ಚಳಿಗಾಲದಲ್ಲಿ ಗಫೂರರು ತೀರಿಕೊಂಡರು. ಬೇಸಿಗೆ ಬಲಿಯುವ ಮೊದಲು ಆಬಿದಾ ಸಜ್ಜೆಯ ಚೀಲ ಹಿಡಿದು ನನ್ನ ಬಾಗಿಲಿಗೆ ಬಂದರು.

"ನಿಸರ್ಗಾ, ಅವರು ಕೂಡತಿದ್ದ ಜಾಗಾ ತೋರಸು. ಅವರ ಹೆಸರಿಲೆ ಹಕ್ಕಿಗೆ ಕಾಳು ಹಾಕ್ತೀನಿ. ಪುಣ್ಯ ಅವರಿಗೆ ಮುಟ್ಟಲಿ."

ವಿಜಯಪುರದಲ್ಲಿ ಆಬಿದಾರ ತಾಯಿ, ತೀರಿದವರ ಹೆಸರಿನಲ್ಲಿ ಮಾಳಿಗೆಯ ಮೇಲೆ ಪಾರಿವಾಳಗಳಿಗೆ ಕಾಳು ಚೆಲ್ಲುತ್ತಿದ್ದರಂತೆ. ನಾನು ಬಂಡೆ ತೋರಿಸಿದೆ. ಆಮೇಲೆ ಪ್ರತಿ ಶುಕ್ರವಾರ ಮಗಳು ಅಮ್ರೀನ್ ಅವರನ್ನು ಕಾರಿನಲ್ಲಿ ಕರೆದೊಯ್ಯುತ್ತಿದ್ದಳು. ಗಂಡನಿಗೆ ಇನ್ನೂ ಏನೋ ಉಣಬಡಿಸುತ್ತಿದ್ದೇನೆ ಎಂಬ ಸಮಾಧಾನದಲ್ಲಿ ಆಬಿದಾ ಮತ್ತೆ ನಿದ್ದೆ ಮಾಡತೊಡಗಿದರು.

ಮೇ ತಿಂಗಳ ಒಂದು ಶುಕ್ರವಾರ ನಾನೂ ಹೋದೆ. ಕಾರು ನಿಲ್ಲುವ ಮೊದಲೇ ಬಂಡೆಗಳ ಮೇಲೆ ದೈತ್ಯ ಕಾಗೆಗಳು ಕಾದಿದ್ದವು. ಮೊದಲು ಅಲ್ಲಿ ಒಂದೋ ಎರಡೋ ಇರುತ್ತಿದ್ದವು. ಆಬಿದಾ ಸಜ್ಜೆ ಚೆಲ್ಲಿದರು. ತಿಂದು ಮುಗಿಸಿದ ಒಂದು ಕಾಗೆ ಪಕ್ಕದ ಪೊದೆಗೆ ನುಗ್ಗಿ, ಕೊಕ್ಕಿನಲ್ಲಿ ಮೊಟ್ಟೆ ಕಚ್ಚಿಕೊಂಡು ಹೊರಬಂತು. ಹಿಂದೆಯೇ ಲಾವುಗೆಯೊಂದು ಕೂಗುತ್ತ ಓಡಿ ಬಂತು. ಪೊದೆಯೊಳಗೆ ಬಗ್ಗಿ ನೋಡಿದೆವು. ನೆಲದ ಗೂಡಿನಲ್ಲಿ ಒಡೆದ ಚಿಪ್ಪುಗಳಷ್ಟೇ ಇದ್ದವು.

"ಅಮ್ಮಿ, ನಮ್ಮ ಗ್ರೇನಿಗೇ ಇವು ಬರೋದು" ಎಂದಳು ಅಮ್ರೀನ್, ಮೆಲ್ಲಗೆ.

ಆಬಿದಾ ನೆಲಕ್ಕೆ ಕೂತು, ಉಳಿದ ಸಜ್ಜೆಯನ್ನು ಕಲ್ಲುಪುಡಿಯ ನಡುವಿನಿಂದ ಹೆಕ್ಕಿ ಸೆರಗಿಗೆ ಹಾಕಿಕೊಳ್ಳತೊಡಗಿದರು. ನಾವೂ ಕೈಹಚ್ಚಿದೆವು.

"ಅವರಿಗೆ ಕೊಟ್ಟದ್ದನ್ನ ನಾನೇ ಕಸಗೊಂಡಂಗ ಆತಲ್ಲ ನಿಸರ್ಗಾ" ಎಂದರು.

ಸೆರಗಿನ ಗಂಟು ಬಿಗಿದ ಮೇಲೆ ಕೇಳಿದರು: "ಅವರು ಇಲ್ಲಿ ಬಂದು ಏನು ಮಾಡತಿದ್ರು?"

"ಏನೂ ಇಲ್ಲ ಆಂಟಿ. ಸುಮ್ನೆ ಕೂತು ನೋಡ್ತಿದ್ರು."

"ಹಂಗಾದ್ರ ನಾನೂ ಅಷ್ಟ ಮಾಡ್ತೀನಿ. ಎಷ್ಟು ಸಲ ಕರದಿದ್ರು."

ಗಂಡನ ಬಂಡೆಯ ಮೇಲೆ ಅವರು ಒಂದು ಬದಿಗೆ ಸರಿದು, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು ಕೂತರು.